ಕಾಂತೋಷ್ಣ ಪರಿಣಾಮದ ಕರ್ತೃತ್ವ ವಿಚಾರ

೧

ಒಂದು ಗ್ರಂಥದ ಕರ್ತೃ ಯಾರೆಂಬ ಪ್ರಶ್ನೆ ಬಂದಾಗ ನಮ್ಮ ಪಂಡಿತರು ಅನುಸರಿಸುವ ಕ್ರಮವು ವಾಚಕರಿಗೆ ಹೊಸದಲ್ಲ. ಪರಂಪರೆಯಿಂದ ಕೇಳಿಬಂದ ಹೆಸರನ್ನು ಸದ್ಯಕ್ಕೆ ಪಕ್ಕಕ್ಕಿಟ್ಟು, ಮೂಲದ ಪಾಠವನ್ನು ತೆರೆದು, ಅದರೊಳಗಿನ ಸಾಕ್ಷ್ಯವು ಏನು ಹೇಳುತ್ತದೆಂಬುದನ್ನು ವಿಚಾರಿಸಿ, ಆಮೇಲೆ ನಿರ್ಣಯಕ್ಕೆ ಬರುವುದು ಆ ಕ್ರಮ. ಕವಿರಾಜಮಾರ್ಗದ ಕರ್ತೃ ನೃಪತುಂಗನೋ ಶ್ರೀವಿಜಯನೋ ಎಂಬ ಚರ್ಚೆಯಲ್ಲಿ ಇದರಿಂದ ಎಷ್ಟು ಪ್ರಯೋಜನವಾಯಿತೆಂಬುದನ್ನು ಬಲ್ಲವರು ಬಲ್ಲರು. ಅದೇ ಕ್ರಮವನ್ನು ಭೌತವಿಜ್ಞಾನದ ಒಂದು ವಿಷಯಕ್ಕೆ ಅನ್ವಯಿಸಿ ನೋಡುವುದು ಪ್ರಕೃತ ಲೇಖನದ ಉದ್ದೇಶ. ವಿಜ್ಞಾನದ ಬರವಣಿಗೆಯೂ ಬರವಣಿಗೆಯೇ ಆಗಿದೆ. ಅದರಲ್ಲಿಯೂ ಮೂಲವುಂಟು, ವ್ಯಾಖ್ಯಾನವುಂಟು, ಓದದೆಯೇ ಉದ್ಧರಿಸುವ ವಾಡಿಕೆಯುಂಟು, ಅತಿಶಯೋಕ್ತಿಯೂ ಉಂಟು. ಆದುದರಿಂದ ಅದು ವಿಮರ್ಶೆಗೆ ಹೊರಗಾದುದಲ್ಲ.

ಮೊದಲು ವಿಷಯವನ್ನು ಹೇಳಬೇಕು. ಕೆಲವು ಪದಾರ್ಥಗಳನ್ನು ಬಲವಾದ ಕಾಂತಕ್ಷೇತ್ರದೊಳಗೆ ತಂದರೆ ಅವು ಬೆಚ್ಚಗಾಗುತ್ತವೆ. ಕ್ಷೇತ್ರವನ್ನು ತೆಗೆದರೆ ತಣ್ಣಗಾಗುತ್ತವೆ. ಕಾರಣ ಹೀಗೆ: ಇಂಥ ಪದಾರ್ಥದಲ್ಲಿ ಒಂದೊಂದು ಪರಮಾಣುವೂ ಒಂದು ಸಣ್ಣ ಅಯಸ್ಕಾಂತದಂತೆ ಇರುತ್ತದೆ. ಕ್ಷೇತ್ರವಿಲ್ಲದಾಗ ಅವು ದಿಕ್ಕುತಪ್ಪಿ ನಿಂತಿರುತ್ತವೆ. ಕ್ಷೇತ್ರವು ಬಂದೊಡನೆ ಒಂದೇ ದಿಕ್ಕಿಗೆ ಸಾಲುಗೊಳ್ಳುತ್ತವೆ. ಪದಾರ್ಥದಲ್ಲಿರುವ ಒಟ್ಟು ಅವ್ಯವಸ್ಥೆಗೆ ವಿಜ್ಞಾನಿಗಳು ಎಂಟ್ರೊಪಿ ಎಂದು ಹೆಸರಿಟ್ಟಿದ್ದಾರೆ. ಹೊರಗಿನಿಂದ ಶಾಖವು ಒಳಕ್ಕೆ ಬರದಂತೆಯೂ ಒಳಗಿನ ಶಾಖವು ಹೊರಕ್ಕೆ ಹೋಗದಂತೆಯೂ ಕಾಪಾಡಿ ಕ್ಷೇತ್ರವನ್ನು ನಿಧಾನವಾಗಿ ಬದಲಿಸಿದರೆ ಈ ಮೊತ್ತವು ಬದಲಾಗುವುದಿಲ್ಲ. ದಿಕ್ಕುಗಳ ಅವ್ಯವಸ್ಥೆ ಕಡಮೆಯಾದಷ್ಟೂ ಪರಮಾಣುಗಳ ಕಂಪನದ ಅವ್ಯವಸ್ಥೆ ಹೆಚ್ಚಬೇಕಾಗುತ್ತದೆ. ಕಂಪನ ಹೆಚ್ಚುವುದೆಂದರೆ ಪದಾರ್ಥವು ಬಿಸಿಯಾಗುವುದೆಂದೇ ಅರ್ಥ. ಕ್ಷೇತ್ರವನ್ನು ತೆಗೆದಾಗ ಇದೇ ವ್ಯವಹಾರವು ತಿರುಗುಮುರುಗಾಗಿ ನಡೆಯುತ್ತದೆ. ಪದಾರ್ಥವು ತನ್ನ ಕಾಂತತ್ವವನ್ನು ಕಳೆದುಕೊಳ್ಳುವ ಉಷ್ಣತೆಗೆ ಕ್ಯೂರಿ ಬಿಂದುವೆಂದು ಹೆಸರು. ಅದರ ಸಮೀಪದಲ್ಲಿ ಈ ಪರಿಣಾಮವು ಹೆಚ್ಚಾಗಿ ಕಾಣುತ್ತದೆ. ಕಾಂತದಿಂದ ಆಗುವ ಈ ಶಾಖದ ವ್ಯತ್ಯಾಸಕ್ಕೆ ಕಾಂತೋಷ್ಣ ಪರಿಣಾಮವೆಂದು ಹೆಸರಿಟ್ಟುಕೊಂಡು ಮುಂದುವರಿಯೋಣ.

ಈ ಪರಿಣಾಮವನ್ನು ಕಂಡವರು ಯಾರು? ಕಳೆದ ಶತಮಾನದ ಕೊನೆಯ ಭಾಗದಿಂದ ಈಚೆಗೆ ಬಂದ ಅನೇಕ ಸಂಶೋಧನ ಲೇಖನಗಳ ಮೊದಲ ವಾಕ್ಯವೇ ಇದಕ್ಕೆ ಉತ್ತರ ಹೇಳುತ್ತದೆ: ಎಮಿಲ್ ವಾರ್‌ಬುರ್ಗ್ ಎಂಬ ಜರ್ಮನ್ ವಿಜ್ಞಾನಿಗಳು ೧೮೮೧ರಲ್ಲಿ ಕಬ್ಬಿಣದಲ್ಲಿ ಇದನ್ನು ಕಂಡರೆಂದು. ಕೆಲವು ಬರಹಗಳು ಇನ್ನೂ ಮುಂದೆ ಹೋಗಿ, ಕಬ್ಬಿಣವು ಕ್ಷೇತ್ರದಲ್ಲಿ ಬೆಚ್ಚಗಾದುದನ್ನೂ ಕ್ಷೇತ್ರವನ್ನು ತೆಗೆದಾಗ ತಣ್ಣಗಾದುದನ್ನೂ ಅವರು ಗಮನಿಸಿದರೆಂದು ಚಿತ್ರವನ್ನೇ ಬರೆದುಕೊಡುತ್ತವೆ. ಪ್ರಕೃತ ಲೇಖಕನೂ ಹಿಂದೆ ವಿದ್ಯಾರ್ಥಿಗಳ ಮುಂದೆ ಇದನ್ನೇ ಹೇಳಿದ್ದಾನೆ. ಹೇಳುವಾಗ ಮೂಲವನ್ನು ನೋಡಿರಲಿಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಳ್ಳುವುದು ನ್ಯಾಯ.

೨

ವಾರ್‌ಬುರ್ಗರ ಲೇಖನವು ಜರ್ಮನಿಯ ಅನಾಲೆನ್ ಎಂಬ ಪ್ರಸಿದ್ಧ ಪತ್ರಿಕೆಯಲ್ಲಿ ಪ್ರಕಟವಾದುದು. ಕಾಂತ ಸಂಬಂಧವಾದ ಶೋಧನೆಗಳು ಎಂಬುದು ಅದರ ಶೀರ್ಷಿಕೆಯ ಅರ್ಥ. ಅದರ ವಿಷಯ ಬೇರೆ. ಕಬ್ಬಿಣವನ್ನು ಕಾಂತಗೊಳಿಸುವಾಗ ಕ್ಷೇತ್ರವನ್ನು ಏರಿಸುತ್ತ ಹೋದರೆ ಕಾಂತತ್ವವು ಒಂದು ದಾರಿಯಲ್ಲಿ ಏರುತ್ತದೆ. ಕ್ಷೇತ್ರವನ್ನು ಇಳಿಸುವಾಗ ಅದೇ ದಾರಿಯಲ್ಲಿ ಇಳಿಯದೆ ಹಿಂದೆ ಬೀಳುತ್ತದೆ. ಈ ಹಿಂದುಳಿಕೆಗೆ ಹಿಸ್ಟೆರೆಸಿಸ್ ಎಂಬ ಹೆಸರು ಬಳಕೆಗೆ ಬಂದಿದೆ. ಕ್ಷೇತ್ರವನ್ನು ಒಂದು ಸುತ್ತು ಏರಿಸಿ ಇಳಿಸಿದರೆ ರೇಖೆಯು ಒಂದು ಕುಣಿಕೆಯಾಗುತ್ತದೆ. ಆ ಕುಣಿಕೆಯೊಳಗಿನ ವಿಸ್ತೀರ್ಣವು ಆ ಸುತ್ತಿನಲ್ಲಿ ವ್ಯಯವಾದ ಕೆಲಸಕ್ಕೆ ಸಮ, ಆ ಕೆಲಸವು ಕಬ್ಬಿಣದಲ್ಲಿ ಶಾಖವಾಗಿ ಉಳಿಯುತ್ತದೆ. ಇದು ವಾರ್‌ಬುರ್ಗರ ಸಿದ್ಧಾಂತ. ವಿದ್ಯುತ್ ಪರಿವರ್ತಕಗಳ ತಿರುಳು ಏಕೆ ಬಿಸಿಯಾಗುತ್ತದೆಂಬುದನ್ನು ತಿಳಿಯಬೇಕಾದ ಇಂಜಿನಿಯರಿಗೆ ಇಂದಿಗೂ ಇದು ಮೊದಲ ಪಾಠವಾಗಿದೆ.

ಇಲ್ಲಿ ಪೂರ್ವಪಕ್ಷದವರು ಹೀಗೆ ಹೇಳಬಹುದು: ಅದರಲ್ಲಿಯೂ ಕಾಂತವಿದೆ, ಇದರಲ್ಲಿಯೂ ಕಾಂತವಿದೆ, ಅಲ್ಲಿಯೂ ಶಾಖ, ಇಲ್ಲಿಯೂ ಶಾಖ, ಎರಡನ್ನೂ ಒಂದೆಂದರೆ ಬಾಧಕವೇನು? ಸಮಾಧಾನ ಹೀಗಿದೆ. ಕೈಗಳನ್ನು ಉಜ್ಜಿದರೆ ಬಿಸಿಯಾಗುತ್ತವೆ. ಎದುರು ದಿಕ್ಕಿಗೆ ಉಜ್ಜಿದರೆ ತಣ್ಣಗಾಗುವುದಿಲ್ಲ, ಇನ್ನಷ್ಟು ಬಿಸಿಯಾಗುತ್ತವೆ. ಸೈಕಲ್ಲಿನ ಪಂಪಿನಲ್ಲಿ ಗಾಳಿಯನ್ನು ಒತ್ತಿದರೆ ಬಿಸಿಯಾಗುತ್ತದೆ. ಒತ್ತಿದ ಗಾಳಿಯನ್ನು ಹಿಗ್ಗಲು ಬಿಟ್ಟರೆ ತಣ್ಣಗಾಗುತ್ತದೆ. ಮೊದಲನೆಯದು ಹಿಂತಿರುಗದ ಶಾಖ, ಎರಡನೆಯದು ಹಿಂತಿರುಗುವ ಶಾಖ. ಹಿಸ್ಟೆರೆಸಿಸ್ಸಿನ ಶಾಖವು ಕೈಯುಜ್ಜುವ ಜಾತಿಯದು. ಕಾಂತೋಷ್ಣ ಪರಿಣಾಮವು ಪಂಪಿನ ಗಾಳಿಯ ಜಾತಿಯದು. ಮೊದಲನೆಯದರಿಂದ ಯಾವ ಕಾಲಕ್ಕೂ ಏನನ್ನೂ ತಂಪು ಮಾಡಲಾಗದು. ಹೀಗಿರುವಲ್ಲಿ, ತಂಪಿನ ಸುಳಿವೇ ಇಲ್ಲದ ಲೇಖನವನ್ನು ತಂಪಿನ ವಿದ್ಯೆಯ ಆದಿಗ್ರಂಥವೆಂದು ಕರೆಯುವುದು ಹೇಗೆ?

ಈ ಪ್ರಶ್ನೆಯನ್ನು ಮೂಲಗಳ ಸಮೇತವಾಗಿ ಎತ್ತಿ ನಿರ್ಣಯಿಸಿದವರು ಆಂಡರ್ಸ್ ಸ್ಮಿತ್. ಯೂರೋಪಿನ ಒಂದು ಭೌತವಿಜ್ಞಾನ ಪತ್ರಿಕೆಯಲ್ಲಿ ೨೦೧೩ರಲ್ಲಿ ಪ್ರಕಟವಾದ ಅವರ ಲೇಖನವು, ವಾರ್‌ಬುರ್ಗರ ಹೆಸರನ್ನು ಇಲ್ಲಿಗೆ ತರುವುದು ಮೂಲವನ್ನು ತಪ್ಪಾಗಿ ಓದಿದುದರ ಫಲವೆಂದೂ, ಶೋಧನೆಯ ಕೀರ್ತಿಯು ಪಿಯೆರ್ ವೈಸ್ ಮತ್ತು ಅಗಸ್ಟ್ ಪಿಕಾರ್ ಎಂಬವರಿಗೆ ೧೯೧೭ನೆಯ ವರ್ಷಕ್ಕೆ ಸಲ್ಲಬೇಕೆಂದೂ ವಾದಿಸುತ್ತದೆ. ನಮಗೆ ಈ ನಿರ್ಣಯವು ಒಪ್ಪತಕ್ಕದ್ದೆಂದು ತೋರುತ್ತದೆ. ಅದಕ್ಕೆ ಮೂರು ಉಪಪತ್ತಿಗಳನ್ನು ಕೊಡಬಹುದು.

ಮೊದಲನೆಯದು, ಅವರು ಅಳೆದ ವಸ್ತು. ಜ್ಯೂರಿಕ್ ನಗರದಲ್ಲಿ ಕೆಲಸ ಮಾಡುತ್ತಿದ್ದ ವೈಸ್ ಮತ್ತು ಪಿಕಾರ್ ಅವರು ನಿಕಲ್ ಲೋಹವನ್ನು ಅದರ ಕ್ಯೂರಿ ಬಿಂದುವಿನ ಸಮೀಪಕ್ಕೆ, ಸುಮಾರು ೩೫೪ ಸೆಂಟಿಗ್ರೇಡ್ ಡಿಗ್ರಿಗೆ ಕಾಯಿಸಿ, ಸುಮಾರು ೧೫,೦೦೦ ಗೌಸ್‌ಗಳ ಕ್ಷೇತ್ರವನ್ನು ಒಡ್ಡಿದಾಗ ಅದರ ಉಷ್ಣತೆಯು ೦.೭ ಡಿಗ್ರಿಯಷ್ಟು ಏರಿತು. ಕ್ಷೇತ್ರವನ್ನು ತೆಗೆದಾಗ ಇಳಿಯಿತು. ಹಿಂತಿರುಗುವ ಶಾಖದ ಲಕ್ಷಣವು ಇಲ್ಲಿ ಪೂರ್ಣವಾಗಿದೆ. ಎರಡನೆಯದು, ಸ್ಥಳ. ಹಿಸ್ಟೆರೆಸಿಸ್ ಕ್ಯೂರಿ ಬಿಂದುವಿನ ಕಡೆಗೆ ಹೋದಂತೆ ಕ್ಷೀಣಿಸುತ್ತದೆ; ಅವರು ಕಂಡ ಪರಿಣಾಮವಾದರೋ ಅಲ್ಲಿಯೇ ಅತ್ಯಧಿಕವಾಯಿತು. ಆದುದರಿಂದ ಎರಡನ್ನೂ ಒಂದೆಂದು ಭ್ರಮಿಸುವುದಕ್ಕೆ ಅವಕಾಶವಿಲ್ಲ. ಮೂರನೆಯದು, ಕರ್ತೃಗಳ ಸ್ವಂತ ಮಾತು. ಅವರು ೧೯೧೮ರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ವರದಿಗಳಲ್ಲಿ ಪ್ರಕಟಿಸಿದ ಟಿಪ್ಪಣಿಯ ಶೀರ್ಷಿಕೆಯಲ್ಲಿಯೇ ಇದನ್ನು ಹೊಸ ವಿದ್ಯಮಾನವೆಂದು ಕರೆದಿದ್ದಾರೆ. ಕಾಂತೋಷ್ಣವೆಂದು ನಾವು ಅನುವಾದಿಸುವ ವಿಶೇಷಣವೂ ಆ ಶೀರ್ಷಿಕೆಯಲ್ಲಿದೆ. ಕಾಂತವಿಜ್ಞಾನದಲ್ಲಿ ಆ ಕಾಲದ ಅಗ್ರಗಣ್ಯರಾದ ವೈಸ್ ಅವರು ವಾರ್‌ಬುರ್ಗರ ಪ್ರಸಿದ್ಧ ಲೇಖನವನ್ನು ಅರಿಯದಿದ್ದರೆಂದು ಹೇಳುವುದು ಯುಕ್ತಿಗೆ ಒಗ್ಗದು. ಹಳೆಯದನ್ನೇ ಹೊಸದೆಂದು ಕರೆದರೆನ್ನುವುದಕ್ಕಿಂತ ಅವರ ಮಾತನ್ನು ನಂಬುವುದು ಲೇಸು.

ಆದರೆ ವೈಸ್ ಮತ್ತು ಪಿಕಾರ್ ಅವರಿಗೆ ಹಿಂದಿನವರಾರೂ ಇರಲಿಲ್ಲವೆಂದು ಹೇಳಿದರೆ ನಾವೂ ಇನ್ನೊಂದು ತಪ್ಪಿಗೆ ಬೀಳುತ್ತೇವೆ. ಮುಂದೆ ಲಾರ್ಡ್ ಕೆಲ್ವಿನ್ ಎಂದು ಪ್ರಸಿದ್ಧರಾದ ವಿಲಿಯಂ ಥಾಮ್ಸನ್ ಅವರು ೧೮೬೦ರಲ್ಲಿ ಒಂದು ವಿಶ್ವಕೋಶಕ್ಕೆ ಬರೆದ ಲೇಖನದಲ್ಲಿ, ಕಾಂತತ್ವವು ಉಷ್ಣತೆಯೊಡನೆ ಬದಲಾಗುವುದಾದರೆ ಕಾಂತಗೊಳಿಸುವುದರಿಂದ ಉಷ್ಣತೆಯೂ ಬದಲಾಗಬೇಕೆಂಬುದನ್ನು ಉಷ್ಣಗತಿಶಾಸ್ತ್ರದ ನಿಯಮಗಳಿಂದ ತರ್ಕಿಸಿದ್ದರು. ಆ ಲೇಖನವು ೧೮೭೮ರಲ್ಲಿ ಪುನಃ ಅಚ್ಚಾಯಿತು. ಪಾಲ್ ಲಾಂಜೆವಾನ್ ಅವರು ೧೯೦೫ರಲ್ಲಿ ಇದೇ ಬಗೆಯ ತರ್ಕವನ್ನು ದುರ್ಬಲ ಕಾಂತಗಳ ವಿಷಯದಲ್ಲಿ ಮುಂದುವರಿಸಿದರು. ಹೀಗಾಗಬೇಕೆಂದು ತರ್ಕಿಸಿದವರು ಒಬ್ಬರು. ಹೀಗಾಯಿತೆಂದು ಕಂಡವರು ಇನ್ನೊಬ್ಬರು. ಇದರಿಂದ ಹೀಗೆ ಮಾಡಬಹುದೆಂದು ಹೊಳೆದವರು ಮತ್ತೊಬ್ಬರು. ಪೀಟರ್ ಡಿಬೈ ಅವರು ೧೯೨೬ರಲ್ಲಿಯೂ ವಿಲಿಯಂ ಜಿಯೋಕ್ ಅವರು ೧೯೨೭ರಲ್ಲಿಯೂ, ಒಬ್ಬರನ್ನೊಬ್ಬರು ಅವಲಂಬಿಸದೆ, ಕ್ಷೇತ್ರವನ್ನು ತೆಗೆದು ಅತಿಶೈತ್ಯವನ್ನು ಪಡೆಯಬಹುದೆಂದು ಸೂಚಿಸಿದರು. ಜಿಯೋಕ್ ಮತ್ತು ಮ್ಯಾಕ್‌ಡೂಗಲ್ ಅವರು ೧೯೩೩ರಲ್ಲಿ ಬರ್ಕ್ಲಿಯಲ್ಲಿ ೬೧ ಗ್ರಾಂ ಗ್ಯಾಡೊಲಿನಿಯಂ ಸಲ್ಫೇಟನ್ನು ಉಪಯೋಗಿಸಿ ನಿರಪೇಕ್ಷ ಶೂನ್ಯದ ಮೇಲೆ ೦.೨೫ ಡಿಗ್ರಿಯವರೆಗೆ ಇಳಿದರು. ಜಿಯೋಕ್ ಅವರಿಗೆ ೧೯೪೯ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಹುಮಾನವು ದೊರೆಯಿತು. ಇವರಲ್ಲಿ ಯಾರ ಕೀರ್ತಿಯನ್ನೂ ಇನ್ನೊಬ್ಬರಿಗೆ ಕೊಡುವ ಆವಶ್ಯಕತೆಯಿಲ್ಲ. ಎಲ್ಲರಿಗೂ ಸಾಲುವಷ್ಟು ಇದೆ.

೩

ಕರ್ತೃವಿನ ವಿಚಾರವಾಯಿತು, ಇನ್ನು ವಿಶೇಷಣಗಳ ವಿಚಾರ. ಈ ವಿದ್ಯೆಯು ಅತಿಶೈತ್ಯದ ಪ್ರಯೋಗಶಾಲೆಯಿಂದ ಹೊರಬಿದ್ದು ಮನೆಯ ಶೀತಲ ಪೆಟ್ಟಿಗೆಯವರೆಗೆ ಬರಬಹುದೆಂಬ ಆಸೆ ಹುಟ್ಟಿದ್ದು ೧೯೭೬ರಲ್ಲಿ. ಆ ವರ್ಷ ಅಮೆರಿಕದ ನಾಸಾ ಸಂಸ್ಥೆಯ ಲೂಯಿಸ್ ಸಂಶೋಧನ ಕೇಂದ್ರದಲ್ಲಿ ಬ್ರೌನ್ ಅವರು ಗ್ಯಾಡೊಲಿನಿಯಂ ಲೋಹವನ್ನೂ ೭ ಟೆಸ್ಲಾ ಕ್ಷೇತ್ರವನ್ನೂ ಉಪಯೋಗಿಸಿ, ಒಂದೇ ಯಂತ್ರದ ಬಿಸಿ ತುದಿಗೂ ತಣ್ಣನೆಯ ತುದಿಗೂ ೪೭ ಡಿಗ್ರಿಗಳ ಅಂತರವನ್ನು ಸಾಧಿಸಿ ತೋರಿಸಿದರು. ಈ ಲೋಹದ ಕ್ಯೂರಿ ಬಿಂದುವು ಸುಮಾರು ೨೦ ಸೆಂಟಿಗ್ರೇಡ್ ಡಿಗ್ರಿ. ಎಂದರೆ ನಾವು ಕುಳಿತ ಕೋಣೆಯ ಉಷ್ಣತೆ. ಅಮೆರಿಕದ ಏಮ್ಸ್ ಪ್ರಯೋಗಶಾಲೆಯ ಪೆಚಾರ್‌ಸ್ಕಿ ಮತ್ತು ಕ್ಷ್‌ನೈಡ್ನರ್ ಅವರು ೧೯೯೭ರಲ್ಲಿ ಗ್ಯಾಡೊಲಿನಿಯಂ, ಸಿಲಿಕಾನ್, ಜರ್ಮೇನಿಯಂಗಳ ಸಂಯುಕ್ತವೊಂದರಲ್ಲಿ ಹೆಚ್ಚಿನ ಪರಿಣಾಮವನ್ನು ಕಂಡು ಅದನ್ನು ದೈತ್ಯ ಪರಿಣಾಮವೆಂದು ಹೆಸರಿಸಿದರು. ಇಂಥ ಪದಾರ್ಥಗಳಲ್ಲಿ ಕಾಂತತ್ವವು ಬದಲಾಗುವಾಗ ಸ್ಫಟಿಕದ ರಚನೆಯೂ ಒಮ್ಮೆಗೇ ಬದಲಾಗುತ್ತದೆ. ಎರಡರ ಶಾಖವೂ ಕೂಡುತ್ತದೆ. ದೈತ್ಯವೆಂಬ ಮಾತಿಗೆ ಅಲ್ಲಿ ಆಧಾರವಿತ್ತು.

ಆದರೆ ವಿಶೇಷಣಗಳಿಗೆ ಒಂದು ಸ್ವಭಾವವಿದೆ: ಒಂದನ್ನು ಹತ್ತಿದವರು ಮುಂದಿನದನ್ನು ಹುಡುಕುತ್ತಾರೆ. ೨೦೦೪ರಲ್ಲಿ ಬ್ರೆಜಿಲ್ ದೇಶದ ಸಂಶೋಧಕರು ಮ್ಯಾಂಗನೀಸ್ ಮತ್ತು ಆರ್ಸೆನಿಕ್‌ಗಳ ಸಂಯುಕ್ತವನ್ನು ಒತ್ತಡಕ್ಕೆ ಗುರಿಮಾಡಿ ಕ್ಷೇತ್ರವನ್ನು ಬದಲಿಸಿ, ದೈತ್ಯಕ್ಕೂ ಮೀರಿದ ವಿರಾಟ್ ಪರಿಣಾಮವನ್ನು ಪ್ರಕಟಿಸಿದರು. ಈ ಸಂಯುಕ್ತವು ಕಾಂತತ್ವವನ್ನು ಕಳೆದುಕೊಳ್ಳುವಾಗ ಅದರ ಗಾತ್ರವು ಕುಗ್ಗುತ್ತದೆ. ಆದುದರಿಂದ ಒತ್ತಡವು ಕಾಂತತ್ವಕ್ಕೆ ವಿರೋಧಿಯಾಗಿ ನಿಂತು ಪರಿವರ್ತನೆಯ ಉಷ್ಣತೆಯನ್ನು ಕೆಳಕ್ಕೆ ಎಳೆಯುತ್ತದೆ. ಇದು ನಿಸ್ಸಂದೇಹವಾದುದು. ಆದರೆ ಅವರು ಹೇಳಿದ ಸಂಖ್ಯೆಯು ಸಂದೇಹಕ್ಕೆ ಎಡೆಗೊಟ್ಟಿತು. ಎಂಟ್ರೊಪಿಯ ಬದಲಾವಣೆಯು ಒಂದು ಕಿಲೋಗ್ರಾಮಿಗೆ ಒಂದು ಡಿಗ್ರಿಗೆ ೨೬೭ ಜೌಲ್ ಎಂದು ಲೆಕ್ಕವಾಗಿತ್ತು. ಪರಮಾಣುಗಳ ದಿಕ್ಕುಗಳು ಪೂರ್ಣ ಅವ್ಯವಸ್ಥೆಯಿಂದ ಪೂರ್ಣ ವ್ಯವಸ್ಥೆಗೆ ಬಂದರೂ ಕಾಂತದ ಪಾಲಿಗೆ ಸಿಗಬಹುದಾದ ಪರಮಾವಧಿ ೧೦೩ ಮಾತ್ರ. ಉಳಿದುದನ್ನು ಸ್ಫಟಿಕದ ಜಾಲವೇ ಕೊಟ್ಟಿತೆಂಬುದು ಅವರ ವಿವರಣೆ.

ಈ ಲೆಕ್ಕವು ನೇರವಾಗಿ ಶಾಖವನ್ನು ಅಳೆದು ಬಂದುದಲ್ಲ. ಕಾಂತತ್ವವು ಉಷ್ಣತೆಯೊಡನೆ ಎಷ್ಟು ಬೇಗ ಬದಲಾಗುತ್ತದೆಂಬುದನ್ನು ಅಳೆದು, ಮ್ಯಾಕ್ಸ್‌ವೆಲ್ಲರ ಒಂದು ಸಂಬಂಧದ ಮೂಲಕ ಅದನ್ನು ಎಂಟ್ರೊಪಿಗೆ ಪರಿವರ್ತಿಸುವುದು ಕ್ರಮ. ಪದಾರ್ಥವು ಪ್ರತಿ ಹೆಜ್ಜೆಯಲ್ಲಿಯೂ ಸಮಸ್ಥಿತಿಯಲ್ಲಿದ್ದರೆ ಈ ಕ್ರಮವು ನಿರ್ದುಷ್ಟ. ಆದರೆ ಹಿಂದುಳಿಕೆಯುಳ್ಳ ಪದಾರ್ಥದಲ್ಲಿ ಪರಿವರ್ತನೆಯ ನಡುವೆ ಎರಡು ರೂಪಗಳೂ ಒಟ್ಟಿಗೆ ಇರುತ್ತವೆ. ಹಿಂದಿನ ಅಳತೆಯಲ್ಲಿ ಕಾಂತಗೊಂಡ ಭಾಗವು ಹಾಗೆಯೇ ಉಳಿದು ಮುಂದಿನ ಅಳತೆಯೊಳಗೆ ಸೇರಿಕೊಳ್ಳುತ್ತದೆ. ಆಗ ಎರಡು ಅಳತೆಗಳ ವ್ಯತ್ಯಾಸವು ಉಷ್ಣತೆಯಿಂದ ಬಂದುದಲ್ಲ, ಪದಾರ್ಥದ ಪೂರ್ವಚರಿತ್ರೆಯಿಂದ ಬಂದುದು; ಲೆಕ್ಕವು ಇದನ್ನರಿಯದೆ ಒಂದು ಎತ್ತರವಾದ ಶಿಖರವನ್ನು ಕಟ್ಟಿಬಿಡುತ್ತದೆ. ೨೦೦೭ರಲ್ಲಿ ಬೀಜಿಂಗಿನ ಸಂಶೋಧಕರು ಈ ದೋಷವನ್ನು ವಿಶದಪಡಿಸಿದರು. ೨೦೦೯ರಲ್ಲಿ ಗ್ರೆನೋಬಲ್ಲಿನ ಸಂಶೋಧಕರು, ವಿರಾಟ್ ಎಂಬ ಮಾತನ್ನು ಉದ್ಧರಣ ಚಿಹ್ನೆಗಳೊಳಗಿಟ್ಟು, ನಾವು ನಿಜವಾಗಿ ಅಳೆಯುತ್ತಿರುವುದೇನು ಎಂಬ ಅರ್ಥದ ಪ್ರಶ್ನೆಯನ್ನೇ ತಮ್ಮ ಲೇಖನದ ಶೀರ್ಷಿಕೆಯಾಗಿ ಮಾಡಿದರು. ಪ್ರತಿ ಅಳತೆಗೂ ಮೊದಲು ಪದಾರ್ಥವನ್ನು ಪರಿವರ್ತನೆಯ ಸೀಮೆಯಿಂದ ಪೂರ್ತಿಯಾಗಿ ಹೊರಕ್ಕೆ ಕಾಯಿಸಿ, ಅದರ ಹಳೆಯ ನೆನಪನ್ನು ಅಳಿಸಿ ಮತ್ತೆ ತಂದರೆ ಶಿಖರವು ಇಲ್ಲವಾಗುತ್ತದೆ. ಅಲಂಕಾರಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಸ್ವಭಾವೋಕ್ತಿಯಿರಬೇಕಾದ ಕಡೆ ಅತಿಶಯೋಕ್ತಿ ಸೇರಿಕೊಂಡಿತ್ತು; ಅದನ್ನು ಸೇರಿಸಿದವರು ಕವಿಗಳಲ್ಲ, ಲೆಕ್ಕದ ಕ್ರಮವೇ.

ಇಲ್ಲಿ ಗಮನಿಸಬೇಕಾದ ಒಂದು ಅಂಶವುಂಟು. ಈ ದೋಷಕ್ಕೆ ಮೂಲವು ಹಿಸ್ಟೆರೆಸಿಸ್. ಅದು ವಾರ್‌ಬುರ್ಗರ ಸ್ವಂತ ವಿಷಯ. ಸಾವಿರ ಲೇಖನಗಳು ೧೮೮೧ರ ಆ ಬರಹವನ್ನು ತಮ್ಮ ಮೊದಲ ವಾಕ್ಯದಲ್ಲಿ ಸ್ಮರಿಸುತ್ತಿದ್ದುವು. ಅದರಲ್ಲಿ ಏನಿದೆಯೆಂಬುದನ್ನು ಲೇಖಕರು ನೆನೆದಿದ್ದರೆ, ಕುಣಿಕೆಯ ಎಚ್ಚರಿಕೆಯು ಅವರ ಕೈಯಲ್ಲಿಯೇ ಇರುತ್ತಿತ್ತು. ಇಲ್ಲದ ಕೀರ್ತಿಯನ್ನು ಕೊಟ್ಟುದರಿಂದ ಇದ್ದ ಕೀರ್ತಿಯು ಮರೆಯಾಯಿತು. ಕರ್ತೃತ್ವದ ತಪ್ಪು ಕೇವಲ ಚರಿತ್ರೆಯ ತಪ್ಪಲ್ಲವೆಂದು ನಾವು ಹೇಳುವುದು ಈ ಕಾರಣದಿಂದ.

೪

ಒತ್ತಡದ ವಿಷಯವನ್ನು ಇನ್ನೊಂದು ಪದಾರ್ಥದ ಮೂಲಕ ಮುಗಿಸಬಹುದು. ಕ್ಷೇತ್ರವನ್ನು ಒಡ್ಡಿದರೆ ಎಲ್ಲ ಪದಾರ್ಥವೂ ಬೆಚ್ಚಗಾಗುವುದಿಲ್ಲ. ಕಬ್ಬಿಣ ಮತ್ತು ರೋಡಿಯಂಗಳ ಮಿಶ್ರಲೋಹವು ಸುಮಾರು ೨ ಟೆಸ್ಲಾ ಕ್ಷೇತ್ರದಲ್ಲಿ ೧೩ ಡಿಗ್ರಿಗಳಷ್ಟು ತಣ್ಣಗಾದುದು ೧೯೯೦ರಲ್ಲಿ ವರದಿಯಾಯಿತು. ನಿಕಲ್, ಮ್ಯಾಂಗನೀಸ್, ಇಂಡಿಯಂಗಳ ಮಿಶ್ರಲೋಹವೂ ಇದೇ ಜಾತಿಯದು: ಅದರ ಬಿಸಿಯ ರೂಪದಲ್ಲಿ ಕಾಂತತ್ವ ಹೆಚ್ಚು, ತಣ್ಣನೆಯ ರೂಪದಲ್ಲಿ ಕಡಮೆ. ಕ್ಷೇತ್ರವು ಹೆಚ್ಚು ಕಾಂತತ್ವದ ರೂಪವನ್ನು ಎಳೆದುಕೊಳ್ಳುವುದರಿಂದ, ಆ ಪರಿವರ್ತನೆಗೆ ಬೇಕಾದ ಶಾಖವನ್ನು ಪದಾರ್ಥವು ತನ್ನಿಂದಲೇ ತೆಗೆದುಕೊಂಡು ತಣ್ಣಗಾಗುತ್ತದೆ. ಒತ್ತಡವಾದರೋ ಗಾತ್ರ ಕಡಮೆಯಾದ ರೂಪವನ್ನು ಬಯಸುತ್ತದೆ. ಅದು ತಣ್ಣನೆಯ ರೂಪವಾದುದರಿಂದ ಒತ್ತಿದಾಗ ಪದಾರ್ಥವು ಬೆಚ್ಚಗಾಗುತ್ತದೆ. ಇದೇ ಮಿಶ್ರಲೋಹದಲ್ಲಿ ಒತ್ತಡದಿಂದ ದೊಡ್ಡ ಪ್ರಮಾಣದ ಉಷ್ಣಪರಿಣಾಮವಾಗುವುದನ್ನು ೨೦೧೦ರಲ್ಲಿ ಬಾರ್ಸಿಲೋನದ ಸಂಶೋಧಕರು ತೋರಿಸಿದರು. ಇದಕ್ಕೆ ಒತ್ತಡೋಷ್ಣವೆಂದು ಹೆಸರಿಡಲು ಯಾರಾದರೂ ಬಯಸಬಹುದು. ಅದು ಅರಿಸಮಾಸವೆಂದು ವೈಯಾಕರಣರು ಮುನಿಯುವರು. ಒತ್ತಡದ ಉಷ್ಣಪರಿಣಾಮವೆಂದರೆ ಅರ್ಥಕ್ಕೂ ವ್ಯಾಕರಣಕ್ಕೂ ಬಾಧಕವಿಲ್ಲ.

ಹೀಗೆ ಒಂದೇ ಪದಾರ್ಥವನ್ನು ಕ್ಷೇತ್ರವು ಒಂದು ಕಡೆಗೂ ಒತ್ತಡವು ಇನ್ನೊಂದು ಕಡೆಗೂ ಎಳೆಯುತ್ತವೆ. ಜರ್ಮನಿಯ ಗಾಟ್‌ಶಾಲ್, ಗುಟ್‌ಫ್ಲೈಶ್ ಮತ್ತು ಅವರ ಸಂಗಡಿಗರು ೨೦೧೮ರಲ್ಲಿ ಪ್ರಕಟಿಸಿದ ಲೇಖನದ ಸ್ವಾರಸ್ಯವು ಇಲ್ಲಿದೆ. ಕ್ಷೇತ್ರವನ್ನು ಒಡ್ಡಿದಾಗ ಪದಾರ್ಥವು ತಣ್ಣಗಾಗುತ್ತದೆ. ಕ್ಷೇತ್ರವನ್ನು ತೆಗೆದರೂ ಹಿಂದುಳಿಕೆಯ ದೆಸೆಯಿಂದ ಹಳೆಯ ರೂಪಕ್ಕೆ ಹೋಗದೆ ಅಲ್ಲಿಯೇ ನಿಲ್ಲುತ್ತದೆ. ಈ ಅವಧಿಯಲ್ಲಿ ಅದು ತಂಪು ಮಾಡಬೇಕಾದ ವಸ್ತುವಿನಿಂದ ಶಾಖವನ್ನು ಹೀರುತ್ತದೆ. ಆಮೇಲೆ ಒಂದು ದಿಕ್ಕಿನಿಂದ ಒತ್ತಿದರೆ ಹಳೆಯ ರೂಪಕ್ಕೆ ಮರಳಿ ಬಿಸಿಯಾಗುತ್ತದೆ. ಆ ಶಾಖವನ್ನು ಹೊರಕ್ಕೆ ಬಿಟ್ಟು ಸುತ್ತನ್ನು ಮತ್ತೆ ಆರಂಭಿಸಬಹುದು. ಕ್ಷೇತ್ರವು ಕ್ಷಣಕಾಲವಿದ್ದರೆ ಸಾಕು. ಆದುದರಿಂದ ಬೆಲೆಯುಳ್ಳ ಶಾಶ್ವತ ಕಾಂತಗಳು ಸ್ವಲ್ಪವೇ ಬೇಕಾಗುತ್ತವೆ. ಇದುವರೆಗೆ ಕಂಟಕವೆಂದು ಎಲ್ಲರೂ ದೂರಿದ ಹಿಸ್ಟೆರೆಸಿಸ್ಸನ್ನೇ ಇಲ್ಲಿ ಕೆಲಸಕ್ಕೆ ಹಚ್ಚಿದ್ದಾರೆ. ಇದರಿಂದ ಮನೆಮನೆಗೆ ಶೀತಲ ಪೆಟ್ಟಿಗೆ ಬರುವುದೆಂದು ನಾವು ಭವಿಷ್ಯ ನುಡಿಯಲಾರೆವು. ಅತಿಶಯೋಕ್ತಿಯನ್ನು ಖಂಡಿಸಿದ ಲೇಖನಕ್ಕೆ ಅದು ತಕ್ಕುದೂ ಅಲ್ಲ. ವಾರ್‌ಬುರ್ಗರ ಹೆಸರನ್ನು ತಂಪಿನ ವಿದ್ಯೆಯೊಡನೆ ಸೇರಿಸಲೇಬೇಕೆಂಬವರಿಗೆ ಇದು ಸರಿಯಾದ ಸ್ಥಳವೆಂದು ಮಾತ್ರ ಹೇಳಬಹುದು. ಅವರು ಅಳೆದ ಕುಣಿಕೆಯು ಇಂಥ ಪದಾರ್ಥಗಳಿಗೆ ತಗಲುವ ವೆಚ್ಚವನ್ನು ಹೇಳುತ್ತದೆ. ಆ ವೆಚ್ಚವನ್ನು ತಿಳಿಯದೆ ಲಾಭವನ್ನು ಹೇಳುವುದು ಸಾಧ್ಯವಿಲ್ಲ.

ಪ್ರಕೃತ ವಿಚಾರದಿಂದ ಏರ್ಪಡುವುದೇನೆಂದರೆ: ಕಾಂತೋಷ್ಣ ಪರಿಣಾಮವನ್ನು ತರ್ಕದಿಂದ ಮುಂದಾಗಿ ಕಂಡವರು ಥಾಮ್ಸನ್; ಪ್ರಯೋಗದಿಂದ ಕಂಡು ಹೆಸರಿಟ್ಟವರು ವೈಸ್ ಮತ್ತು ಪಿಕಾರ್; ವಾರ್‌ಬುರ್ಗರದು ಬೇರೆಯೇ ಆದ, ಆದರೆ ಇದಕ್ಕೆ ಅತ್ಯಂತ ಪ್ರಸಕ್ತವಾದ ಶೋಧನೆ. ಪಾಠಪುಸ್ತಕಗಳಲ್ಲಿ ಈ ಮೂರನ್ನೂ ಬೇರೆಬೇರೆಯಾಗಿ ಹೇಳುವುದು ಮೇಲು. ದೈತ್ಯ, ವಿರಾಟ್ ಮುಂತಾದ ವಿಶೇಷಣಗಳನ್ನು ಕನ್ನಡಕ್ಕೆ ತರುವಾಗ, ಜೊತೆಯಲ್ಲಿ ಕ್ಷೇತ್ರವೆಷ್ಟು, ಒತ್ತಡವೆಷ್ಟು, ಅಳತೆಯು ನೇರವಾದುದೋ ಲೆಕ್ಕದಿಂದ ಬಂದುದೋ ಎಂಬುದನ್ನೂ ತರಬೇಕು. ಓಲೆಗರಿಯ ಮುಂದೆ ಕುಳಿತವರಿಗೆ ಈ ನಿಯಮವು ಹಳೆಯದು. ಪ್ರಯೋಗಶಾಲೆಯಿಂದ ಬಂದ ಬರಹವನ್ನು ಓದುವಾಗಲೂ ಅದನ್ನು ಕೈಬಿಡಬೇಕಾದ ಕಾರಣವು ಈ ಲೇಖಕನಿಗೆ ಕಾಣುವುದಿಲ್ಲ.